ಹಂಸದ ಪೌಡರು

ವರ್ನೀಸ್ ಕರವಸ್ತ್ರದ ತುದಿಯಿಂದ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಕ್ಕನ ಕೆನ್ನೆ ಉಜ್ಜಿದಳು. ಬಟ್ಟೆಗೆ ಬಿಳಿ ಹತ್ತಿತು.

“ಟಾಲಿವರ್, ಇದೇನೋ ಮಾಡಿಟ್ಟಿದೀಯ? ನಾವು ಹೂಳ್ತಿರೋದು ಅರ್ಡೆಲಿಯಾನ್ನೋ, ಬೇರೆ ಯಾರನ್ನೋ?”

ಉತ್ತರ ಫಿಲಡೆಲ್ಫಿಯಾದ ಕರಿಯರಲ್ಲಿ ಸತ್ತವರ ಪೈಕಿ ಅರ್ಧದಷ್ಟು ಜನರನ್ನು ಸಿಂಗರಿಸಿ ಮಣ್ಣಿಗೆ ಕಳಿಸಿದವನು ಟಾಲಿವರ್. ಈಗ ಕತ್ತುಪಟ್ಟಿ ಸಡಿಲಿಸಿಕೊಂಡ. “ಬ್ಯಾಲೆ ಕಂಪನಿಯೋರು ಫೋಟೋ ಕಳಿಸಿದ್ರಮ್ಮ. ಅದನ್ನ ನೋಡ್ಕೊಂಡು ಮಾಡ್ದೆ.”

“ಮೂವತ್ತು ವರ್ಷ ಭಾನುವಾರ ಭಾನುವಾರ ಇದೇ ಚರ್ಚಲ್ಲಿ ಇವಳ ಮುಖ ನೋಡಿದೀಯ. ನಿನ್ನ ಕಣ್ಣಿಗಿಂತ ಅವರ ಫೋಟೋ ದೊಡ್ಡದಾಯ್ತಾ?”

“ದೊಡ್ಡ ಜನ ಕಳಿಸಿದ್ದಲ್ವಾ... ಜನ ಬಂದು ಕೂತಾಯ್ತು, ಈಗ ಸುಮ್ನಿರು ತಾಯಿ.”

*

ಫೋಟೋ ತೆಗೆದಾಗ ಅರ್ಡೆಲಿಯಾ ಆ ಕಂಪನಿಯ ಮೊದಲ ಕರಿಯ ನರ್ತಕಿ. ಬಿಳಿ ಹಂಸಗಳಾಗಿ ಕುಣಿಯುವವರ ಸಾಲಿನಲ್ಲಿ ಕೊನೆಯವಳು. ಹಂಸ ಕಪ್ಪಗಿದ್ದರೆ ಟಿಕೆಟ್ ಕೊಂಡ ಮಹಾಶಯರಿಗೆ ಅಜೀರ್ಣವಾಗುತ್ತದಲ್ಲ! ಮುಖ, ಕತ್ತು, ತೋಳಿಗೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಬಿಳಿ ಪೌಡರು ಬಳಿಯುತ್ತಿದ್ದರು. ಮನೆಗೆ ಬಂದು ತೊಟ್ಟಿಯಲ್ಲಿ ಕೂತರೆ ನೀರೆಲ್ಲ ಬೆಳ್ಳಗಾಗುತ್ತಿತ್ತು. ಬೆನ್ನುಜ್ಜುವವಳು ವರ್ನೀಸ್.

“ಬಿಟ್ಟಾಕೇ ಅಕ್ಕ, ಅವರ ಮನೆ ಹಾಳಾಗ.”

“ಕುಣಿಯೋದು ಬಿಡಕ್ಕಾಗಲ್ವೇ. ಒಂದು ಮಾತು ಕೊಡು. ಹೂಳೋವಾಗಲಾದ್ರೂ ನನ್ನ ಮುಖ ನಂದೇ ಇರ್ಲಿ.”

ವರ್ನೀಸ್ ಮಾತು ಕೊಟ್ಟಳು.

ಒಂದು ಸಂಜೆ ಅರ್ಡೆಲಿಯಾ ಪೌಡರಿಲ್ಲದೆ ರಂಗಕ್ಕೆ ಹೋದಳು. ಮರುದಿನವೇ ಮನೆಗೆ ಕಳಿಸಿದರು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕರಿಯ ಹುಡುಗಿಯರಿಗೆ ಕಲಿಸಿದಳು. ಅಂಗಡಿಯಲ್ಲಿ ಸಿಗುತ್ತಿದ್ದ ಗುಲಾಬಿ ಬಣ್ಣದ ನೃತ್ಯದ ಬೂಟುಗಳಿಗೆ ಚಹಾ ಡಿಕಾಕ್ಷನ್ ಸವರಿ, ಒಬ್ಬೊಬ್ಬಳ ಕಾಲಿನ ಬಣ್ಣಕ್ಕೆ ಹೊಂದಿಸುತ್ತಿದ್ದಳು. ಅಷ್ಟು ವರ್ಷ ಕಂಪನಿಗೆ ಅವಳು ಬದುಕಿದ್ದಾಳೋ ಇಲ್ಲವೋ ಬೇಕಿರಲಿಲ್ಲ. ಸತ್ತ ಮೇಲೆ ಪ್ರೀತಿ ಉಕ್ಕಿ ಹರಿಯಿತು.

*

ಕಂಪನಿಯ ನಿರ್ದೇಶಕ ಹಾರ್ಗ್ರೋವ್ ವೇದಿಕೆ ಹತ್ತಿದ. ಎರಡೇ ನಿಮಿಷ ಎಂದು ಪಾದ್ರಿ ಹೇಳಿದ್ದು ಇವನಿಗಲ್ಲವೆಂಬಂತೆ ಕೊರೆಯತೊಡಗಿದ. “ಅರ್ಡೆಲಿಯಾ ನಮ್ಮ ಮನೆಮಗಳು. ನಮ್ಮ ಕಂಪನಿ ಯಾವತ್ತೂ ಬಣ್ಣ ನೋಡಿಲ್ಲ.”

“ಕಾಪಾಡಪ್ಪಾ ಯೇಸುವೇ!” ಎಂದಳು ಹಿಂದಿನ ಸಾಲಿನ ಮುದುಕಿಯೊಬ್ಬಳು. ಮೆಚ್ಚುಗೆಯೆಂದುಕೊಂಡ ಆ ಪೆದ್ದ ಇನ್ನಷ್ಟು ಉಬ್ಬಿದ.

ವರ್ನೀಸ್ ಎದ್ದು ಶವಪೆಟ್ಟಿಗೆಯ ಬಳಿ ಹೋಗಿ ಕೈಚೀಲದಿಂದ ಬಣ್ಣ ಒರೆಸುವ ಕೋಲ್ಡ್ ಕ್ರೀಮ್ ಡಬ್ಬಿ ತೆಗೆದಳು.

“ಅಮ್ಮಾ, ಈಗಲೇ...?” ಎಂದ ಹಾರ್ಗ್ರೋವ್.

“ನೀವು ಬೊಗಳೆ ಬಿಡ್ತಿರಿ ಸ್ವಾಮಿ. ನಂಗೆ ಕೆಲಸ ಇದೆ.”

ಕ್ರೀಮ್ ಹಚ್ಚಿ ಕರವಸ್ತ್ರದಿಂದ ಅಕ್ಕನ ಹಣೆ, ಮೂಗು, ಕತ್ತು ಎಲ್ಲ ಒರೆಸಿದಳು. ಹಿಂದೆ ತೊಟ್ಟಿಯ ಬಳಿ ಕೂತು ಒರೆಸುತ್ತಿದ್ದಷ್ಟೇ ಮೆಲ್ಲಗೆ.

“ಹಾಂ, ಈಗ ನಮ್ಮ ಅರ್ಡೆಲಿಯಾ ಬಂದ್ಲು ನೋಡ್ರೇ!” ಎಂದು ಅದೇ ಮುದುಕಿ ಕೂಗಿದಳು. ಇಡೀ ಚರ್ಚು ಎದ್ದು ನಿಂತಿತು.

ವರ್ನೀಸ್ ಕರವಸ್ತ್ರವನ್ನು ಹಾರ್ಗ್ರೋವನ ಅಂಗೈಗೆ ಒತ್ತಿದಳು. “ತಗೊಳ್ಳಿ. ನಿಮ್ಮ ಮನೆಮಗಳು ಇದರಲ್ಲಿದಾಳೆ.”

“ಪ್ರಾರ್ಥನೆಗೆ ತಲೆ ಬಾಗಿಸಿ,” ಎಂದರು ಪಾದ್ರಿ. ಹಾರ್ಗ್ರೋವ್ ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟ. ಕೈ ತೆಗೆದಾಗ ಕರಿ ಕೋಟಿನ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದ್ದವು.