ಬೇಡ ಎನ್ನಲಾರದವರು

ಭಾವೀ ಅಳಿಯ ಕ್ಲಿಂಟ್ ಮನೆಗೆ ಬಂದಾಗಿನಿಂದ ಆರ್ಡಿತ್ ನಿಯೆಮಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹುಡುಗ ಕೆಟ್ಟವನೇನಲ್ಲ. ಟೆಕ್ಸಸ್‌ನವನು, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವಷ್ಟು ಎತ್ತರ, ಬಾಯಿ ತುಂಬ ಮಾತು. 'ಮೇಡಂ', 'ಸರ್' ಎನ್ನದೆ ಒಂದು ವಾಕ್ಯ ಮುಗಿಸುವವನಲ್ಲ. ಮಗಳು ಕಾರ್ಲಾ ಅವನ ಪಕ್ಕದಲ್ಲಿ ಕೂತರೆ ಮುಖ ಅರಳಿರುತ್ತಿತ್ತು. ಆದರೆ ಈ ಹುಡುಗ ಕೆನಡಾದವರ ಬಗ್ಗೆ ಒಂದು ಮೂಟೆ ಕಥೆ ಕಟ್ಟಿಕೊಂಡು ಗಡಿ ದಾಟಿದ್ದ. ಬೆಳಗಾದರೆ ಸಾಕು, ತಿಂಡಿಯ ಮೇಜಿನ ಮೇಲೆ ಆ ಮೂಟೆ ಬಿಚ್ಚುತ್ತಿದ್ದ.

"ಮೇಡಂ, ಈಗ ಏನಾಯ್ತು ಗೊತ್ತಾ? ಅಂಗಡಿ ಬಾಗಿಲಲ್ಲಿ ನಾನೇ ಹೋಗಿ ಒಬ್ಬ ಮುದುಕನಿಗೆ ಡಿಕ್ಕಿ ಹೊಡ್ದೆ. ಅವನ ಕಾಫಿಯೆಲ್ಲ ಕೋಟಿನ ಮೇಲೆ ಚೆಲ್ಲೋಯ್ತು. ಅವನು ನನಗೇ ಸಾರಿ ಅಂದ! ಆಮೇಲೆ ನಾನು ಹೋಗ್ಲಿ ಅಂತ ಬಾಗಿಲು ಬೇರೆ ಹಿಡ್ಕೊಂಡ. ನಿಮ್ಮೂರಿಗೆ ಕಳ್ಳ ಬಂದ್ರೆ ಟೀ ಕುಡೀತೀರಾ ಅಂತ ಕೇಳ್ತೀರೇನೋ!"

"ಸಕ್ಕರೆ ಎಷ್ಟು ಅಂತಲೂ ಕೇಳ್ತೀವಿ," ಎಂದ ಆರ್ಡಿತ್‌ಳ ಗಂಡ ಎಲ್ಡನ್.

ಕ್ಲಿಂಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆರ್ಡಿತ್ ಅವನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕುತ್ತ, "ಸಾರಿ, ಇದು ಅಂಚಲ್ಲಿ ಸ್ವಲ್ಪ ಸೀದಿದೆ" ಎಂದಳು.

"ನೋಡಿ, ನೋಡಿ! ಮತ್ತೆ!" ಎಂದು ಅವನು ಮೇಜು ಗುದ್ದಿದ. ಮೇಪಲ್ ಪಾಕದ ಬಾಟಲಿ ಹಾರಿಬಿತ್ತು.

ಆರ್ಡಿತ್ ನಕ್ಕಳು, ಆದರೆ ಒಳಗೆ ಏನೋ ಚುಚ್ಚಿತು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಎಲ್ಡನ್‌ಗೆ ಎದೆನೋವು ಬಂದಾಗ ಅವನು ಹೆಂಡತಿಯನ್ನು ಕೆಲಸದಿಂದ ಕರೆಸುವುದೇಕೆಂದು ತಾನೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗಿದ್ದ. ಅಲ್ಲಿ ಕೆಮ್ಮುವ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿಗೆ, ಕಾಲು ಉಳುಕಿದ ಒಬ್ಬ ಆಟಗಾರನಿಗೆ, "ನೀವು ಮೊದಲು ಹೋಗಿ, ನನಗೇನೂ ಅವಸರವಿಲ್ಲ" ಎಂದು ಸರದಿ ಬಿಟ್ಟುಕೊಟ್ಟು, ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದ. ಬದುಕಿದ್ದು ಪುಣ್ಯ. ಊರಿನವರು ಇಂದಿಗೂ ಅದನ್ನು 'ಎಂಥ ಒಳ್ಳೆ ಮನುಷ್ಯ' ಎಂದು ಹೇಳಿಕೊಂಡು ನಗುತ್ತಾರೆ. ಆರ್ಡಿತ್ ಒಂದು ಸಲವೂ ನಕ್ಕಿಲ್ಲ.

ಆವತ್ತು ಮಾತು ಮೀನಿನ ಗುಡಿಸಲಿನ ಕಡೆ, ಅಂದರೆ ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯಲು ಕೂರುವ ಗುಡಿಸಲಿನ ಕಡೆ ತಿರುಗಿತು. ಮನೆಯ ಕೆಳಗಿನ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಆ ಹೆಪ್ಪಿನ ಮೇಲೆ, ನದಿ ಬಂದು ಸೇರುವ ಬಾಯಿಯ ಹತ್ತಿರ, ಎಲ್ಡನ್‌ನ ಪ್ಲೈವುಡ್ ಗುಡಿಸಲು ಒಂಟಿಯಾಗಿ ನಿಂತಿತ್ತು. ಹೆಪ್ಪು ಕರಗುವ ಮೊದಲು, ಮಾರ್ಚ್ ಮುಗಿಯುವುದರೊಳಗೆ ಎಲ್ಲರೂ ತಮ್ಮ ತಮ್ಮ ಗುಡಿಸಲುಗಳನ್ನು ದಡಕ್ಕೆ ತರಬೇಕು. ಉಳಿದವರು ಆಗಲೇ ತಂದಿದ್ದರು. ಎಲ್ಡನ್‌ಗೆ ಮಂಡಿನೋವು. ಪಕ್ಕದ ಮನೆಯ ಗ್ಯಾಸ್ಟನ್ ಭಾನುವಾರ ಬಂದು, ಹಲಗೆ ಹಲಗೆ ಬಿಚ್ಚಿ, ಹಗುರಾಗಿ ಹಿಮಬಂಡಿಯಲ್ಲಿ ತರೋಣ ಎಂದಿದ್ದ.

"ಭಾನುವಾರದವರೆಗೆ ಯಾಕೆ ಕಾಯೋದು ಸರ್?" ಎಂದ ಕ್ಲಿಂಟ್. "ನನ್ನ ಪಿಕಪ್ ಟ್ರಕ್ ಇದೆಯಲ್ಲ. ಮನೆ ಬೇಕಾದ್ರೂ ಎಳೆಯತ್ತೆ ಅದು."

ಆ ಪಿಕಪ್ಪನ್ನು ಅವನು ಟೆಕ್ಸಸ್‌ನಿಂದ ಓಡಿಸಿಕೊಂಡೇ ಬಂದಿದ್ದ. ಅಂಗಳದಲ್ಲಿ ಅದು ಆನೆಯಂತೆ ನಿಂತಿತ್ತು.

"ಅಯ್ಯೋ, ನಿಮಗೆ ಯಾಕೆ ತೊಂದರೆ," ಎಂದ ಎಲ್ಡನ್.

"ತೊಂದರೆ ಏನಿಲ್ಲ ಸರ್, ಖುಷಿ!"

"ಈ ದಿನಗಳಲ್ಲಿ ಹೆಪ್ಪು ಸ್ವಲ್ಪ... ಹೇಗಿರತ್ತೋ ಏನೋ."

"ನಾವು ಬಂದ ದಿನ ಅದರ ಮೇಲೆ ಗಾಡಿಗಳು ಓಡಾಡ್ತಿದ್ದವಲ್ಲ?"

"ಓಡಾಡ್ತಿದ್ದವು, ಹೌದು. ದಡದ ಹತ್ತಿರ." ಎಲ್ಡನ್ ಕಾಫಿ ಲೋಟವನ್ನು ತಿರುಗಿಸಿದ. "ನೋಡೋಣಂತೆ."

ಆ ಮನೆಯಲ್ಲಿ 'ನೋಡೋಣ' ಎಂದರೆ ಮಾತು ಮುಗಿಯಿತು, ಬಾಗಿಲು ಮುಚ್ಚಿತು ಎಂದೇ ಅರ್ಥ. ಮೂವತ್ತೈದು ವರ್ಷದ ಸಂಸಾರದಲ್ಲಿ ಆರ್ಡಿತ್ ಅದನ್ನು ಒಮ್ಮೆಯೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಕ್ಲಿಂಟ್ ಮಾತ್ರ "ಬನ್ನಿ ಹಾಗಾದ್ರೆ, ನೋಡೇಬಿಡೋಣ!" ಎಂದು ಎದ್ದು ಬೂಟು ಹುಡುಕಲು ಹೋದ.

ಆರ್ಡಿತ್ ಗಂಡನ ಮುಖ ನೋಡಿದಳು. ಗಂಡ ಕಿಟಕಿ ನೋಡಿದ.

ಒಂದು ವಾರದಿಂದ ಬೆಚ್ಚನೆಯ ತೆಂಕಣ ಗಾಳಿ ಬೀಸುತ್ತಿತ್ತು. ಸೂರಿನಿಂದ ಹಗಲೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ನದೀಬಾಯಿಯ ಕಡೆ ಹೆಪ್ಪು ಟೊಳ್ಳಾಗಿ ಅದರ ಬಣ್ಣ ಬಿಳಿಯಿಂದ ಬೂದಿಗೆ ತಿರುಗಿದ್ದು ಅಡುಗೆಮನೆಯಿಂದಲೇ ಕಾಣುತ್ತಿತ್ತು. ಅವಳು ನಡುಮನೆಗೆ ಹೋಗಿ, ಬೂಟಿನ ಲೇಸು ಕಟ್ಟುತ್ತಿದ್ದ ಹುಡುಗನ ಮುಂದೆ ನಿಂತಳು.

"ಕ್ಲಿಂಟ್, ಬಿಸಿಲು ಏರಿದೆ ಅಲ್ವಾ... ನಾಳೆ ಮುಂಜಾನೆ ತಣ್ಣಗಿದ್ದಾಗ, ಕಾರ್ಲಾನೂ ಇರ್ತಾಳೆ, ಆಗ ಹೋದ್ರೆ ಚೆನ್ನಾಗಿರುತ್ತೇನೋ ಅಂತ..."

"ಬಿಸಿಲಿದ್ರೇ ಒಳ್ಳೇದು ಮೇಡಂ, ನನಗೆ ನಿಮ್ಮ ಚಳಿ ತಡಿಯಲ್ಲ!" ಎಂದು ಅವನು ಅವಳ ಭುಜ ತಟ್ಟಿದ.

'ಹೋಗಬೇಡ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು. ಬಂದ ನೆಂಟನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಹೇಗೆ? ಹುಡುಗ ಪ್ರೀತಿಯಿಂದ ಸಹಾಯ ಮಾಡಹೊರಟಿದ್ದಾನೆ. ಜೂನ್‌ನಲ್ಲಿ ಮದುವೆ. ಅವನ ಮನಸ್ಸು ಮುರಿದರೆ ಕಾರ್ಲಾ ಏನೆಂದಾಳು? ಎಲ್ಡನ್ ಹೇಗಾದರೂ ದಡದಲ್ಲೇ ನಿಲ್ಲಿಸುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ತಟ್ಟೆ ತೊಳೆಯಲು ನಿಂತಳು.

ಕಿಟಕಿಯಲ್ಲಿ ಪಿಕಪ್ ಇಳಿಜಾರು ಇಳಿಯಿತು. ದಡದಲ್ಲಿ ಒಂದು ಕ್ಷಣ ನಿಂತಿತು. ಆರ್ಡಿತ್ ಉಸಿರು ಬಿಟ್ಟಳು. ಮರುಗಳಿಗೆ ಅದು ಹೆಪ್ಪಿನ ಮೇಲೆ ಏರಿತು. ಪಕ್ಕದ ಸೀಟಿನಲ್ಲಿ ಎಲ್ಡನ್‌ನ ಕೆಂಪು ಟೋಪಿ.

ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಮಗಳಿಗೆ ಫೋನ್ ಮಾಡಿದಳು. ಕಾರ್ಲಾ ಪೇಟೆಯಲ್ಲಿ ಗೆಳತಿಯ ಮನೆಯಲ್ಲಿದ್ದಳು.

"ಅಮ್ಮ, ಅಪ್ಪ ಜೊತೆಗಿದ್ದಾರಲ್ಲ, ಮತ್ಯಾಕೆ ಗಾಬರಿ? ಅಪ್ಪನಿಗೆ ಗೊತ್ತಿರಲ್ವಾ?"

"ಗೊತ್ತು ಕಣೇ. ಗೊತ್ತಿದ್ದೂ ಕೂತಿದ್ದಾನೆ. ಅದಕ್ಕೇ ಭಯ!"

ಫೋನನ್ನು ಹಾಗೇ ಬಿಟ್ಟು, ಕೊಟ್ಟಿಗೆಯಿಂದ ದೋಣಿಯ ಹಗ್ಗ ಎಳೆದುಕೊಂಡು, ಹೆಪ್ಪು ಕುಟ್ಟುವ ಕಬ್ಬಿಣದ ಹಾರೆ ಹಿಡಿದು ಅವಳು ಕೆಳಗೆ ಓಡಿದಳು. ಕೋಟಿನ ಗುಂಡಿ ಹಾಕಿರಲಿಲ್ಲ. ದಡದಂಚಿನಲ್ಲಿ ನೀರು ಬಾಯಿಬಿಟ್ಟಿತ್ತು. ಗ್ಯಾಸ್ಟನ್ ಹಾಕಿದ್ದ ಹಲಗೆಯ ಮೇಲೆ ದಾಟಿದಳು. ಪಿಕಪ್ಪಿನ ಗಾಲಿ ಹೋದ ದಾರಿಯಲ್ಲಿ ನೀರು ಎದ್ದು ಎರಡು ಕಾಲುವೆಗಳಾಗಿದ್ದವು. ಅವುಗಳಿಂದ ದೂರ ಸರಿದು, ಹಾರೆಯಿಂದ ಕುಟ್ಟಿ ನೋಡುತ್ತ ನಡೆದಳು. ಮೊದಮೊದಲು ಟಣ್ ಎನ್ನುತ್ತಿದ್ದ ಹೆಪ್ಪು ಬರಬರುತ್ತ ಕೊಳೆತ ಮರದಂತೆ ದಬ್ ಎನ್ನತೊಡಗಿತು. ಕಾಲಡಿಯಲ್ಲಿ ಯಾರೋ ನಿದ್ದೆಯಲ್ಲಿ ನರಳಿದ ಹಾಗೆ ಉದ್ದಕ್ಕೆ ಒಂದು ಸದ್ದು ಹಾದುಹೋಯಿತು.

ಗುಡಿಸಲಿನ ತಳ ಹೆಪ್ಪಿಗೆ ಕಚ್ಚಿಕೊಂಡಿತ್ತು. ಪಿಕಪ್ಪಿಗೂ ಅದಕ್ಕೂ ಸರಪಣಿ ಬಿಗಿದಿದ್ದರು. ಕ್ಲಿಂಟ್ ಒಳಗೆ ಕೂತು ಎಂಜಿನ್ ಅಬ್ಬರಿಸುತ್ತಿದ್ದ. ಗಾಲಿಗಳು ನಿಂತಲ್ಲೇ ತಿರುಗುತ್ತಿದ್ದವು, ಅವುಗಳ ಸುತ್ತ ಕಪ್ಪು ನೀರು ತಟ್ಟೆಯಂತೆ ಅಗಲವಾಗುತ್ತಿತ್ತು. ಅಷ್ಟು ಭಾರ ಒಂದೇ ಕಡೆ ನಿಂತರೆ ಹೆಪ್ಪು ಬಾಗುತ್ತದೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಎಲ್ಡನ್ ಕೆಳಗಿಳಿದು, ಕಿಟಕಿಯ ಕಡೆ ಬಗ್ಗಿ, ಟೋಪಿ ಕೈಯಲ್ಲಿ ಹಿಡಿದು ಹೇಳುತ್ತಿದ್ದ:

"ಕ್ಲಿಂಟ್, ನಿಮಗೆ ಅಭ್ಯಂತರ ಇಲ್ಲ ಅಂದ್ರೆ, ಒಂಚೂರು ನಿಲ್ಲಿಸಿದ್ರೆ ಹೇಗೆ ಅಂತ..."

"ಏನು ಸರ್? ಕೇಳಿಸ್ತಿಲ್ಲ! ಇನ್ನೊಂದು ಸಲ ಎಳೀತೀನಿ!"

"ಕ್ಲಿಂಟ್!" ಎಂದು ಆರ್ಡಿತ್ ಕೂಗಿದಳು. ಅವನು ಕನ್ನಡಿಯಲ್ಲಿ ಅವಳನ್ನು ಕಂಡು ಕೈಬೀಸಿದ.

"ಸಾ—" ಎಂದು ಬಾಯಿ ತಾನಾಗಿಯೇ ಹೊರಟಿತು. ಆ 'ಸಾರಿ'ಯನ್ನು ಅರ್ಧಕ್ಕೇ ಉಗಿದುಬಿಟ್ಟಳು. ಆಮೇಲೆ ಬಂದ ದನಿ ಅವಳದೆಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಇಳಿಯೋ! ಇಳಿಯೋ ಮುಠ್ಠಾಳ! ಮುಳುಗ್ತಿದೀಯ, ಕಣ್ಣು ಕಾಣಲ್ವೇನೋ!"

ಎಂಜಿನ್ ನಿಂತಿತು. ಕ್ಲಿಂಟ್ ನಗುತ್ತಲೇ ಬಾಗಿಲು ತೆರೆದ, ಅವಳ ಮುಖ ನೋಡಿದ, ಆಮೇಲೆ ಕೆಳಗೆ ನೋಡಿದ. ನಗು ಇಂಗಿತು. ಮೆಲ್ಲಗೆ ಇಳಿದು, "ಸರಪಣಿ ಬಿಚ್ಚಿಬಿಡ್ತೀನಿ ಮೇಡಂ..." ಎಂದು ಹಿಂದಕ್ಕೆ ತಿರುಗಿದ.

"ಮುಟ್ಟಿದ್ರೆ ಕೈ ಮುರೀತೀನಿ! ಈ ಕಡೆ ಬಾ! ಓಡಬೇಡ! ಹೊಟ್ಟೆ ಮೇಲೆ ಮಲಕ್ಕೊಂಡು ಬಾ! ಎಲ್ಡನ್, ನೀನೂ!"

ಎಲ್ಡನ್ ಪಕ್ಕಕ್ಕೆ ಸರಿದು, "ನೀವು ಮೊದಲು" ಎಂಬಂತೆ ಕ್ಲಿಂಟ್‌ಗೆ ಕೈ ತೋರಿಸಿದ.

"ಎಲ್ಡನ್!" ಆ ಕೂಗಿಗೆ ಗಂಟಲು ಹರಿದ ಹಾಗಾಯಿತು. ಅವನು ಹೊಡೆತ ತಿಂದವನಂತೆ ಕೆಳಗೆ ಬಿದ್ದು ತೆವಳತೊಡಗಿದ.

ಆಗ ಬಂದೂಕು ಹಾರಿದ ಹಾಗೆ ಹೆಪ್ಪು ಸಿಡಿದ ಸದ್ದಾಯಿತು. ಪಿಕಪ್ಪಿನ ಹಿಂಭಾಗ ಕುಸಿಯಿತು. ಮೂತಿ ಆಕಾಶಕ್ಕೆ ಎದ್ದು, ಅವಸರವೇ ಇಲ್ಲದ ಹಾಗೆ ಕೆಳಗಿಳಿಯಿತು. ಸರಪಣಿ ಸೆಳೆದ ಹೊಡೆತಕ್ಕೆ ಗುಡಿಸಲು ಕಿತ್ತುಬಂದು ಒಡೆದ ಹೆಪ್ಪಿನ ಅಂಚಿನಲ್ಲಿ ವಾಲಿ ನಿಂತಿತು. ಬಿರುಕು ಹಾವಿನಂತೆ ಹರಿದು ಬಂದು ಕ್ಲಿಂಟ್‌ನ ಅಡಿಯಲ್ಲೇ ಒಡೆಯಿತು. ಸೊಂಟದವರೆಗೆ ಅವನು ನೀರಿಗೆ ಬಿದ್ದ. ಉಸಿರು ಕಟ್ಟಿ ಬಾಯಿ ತೆರೆದುಕೊಂಡಿತು, ದನಿ ಬರಲಿಲ್ಲ. ಆರ್ಡಿತ್ ಹಗ್ಗ ಎಸೆದಳು. ಮೊದಲ ಸಲ ಅದು ತಲುಪಲಿಲ್ಲ. ಎಳೆದುಕೊಂಡು ಮತ್ತೆ ಎಸೆದಳು. ಎಲ್ಡನ್ ಅಂಗಾತ ಹೊರಳಿ ಹಗ್ಗದ ನಡುವನ್ನು ತೋಳಿಗೆ ಸುತ್ತಿಕೊಂಡ. ಗಂಡ ಹೆಂಡತಿ ಇಬ್ಬರೂ ಮಲಗಿಕೊಂಡೇ ಜಗ್ಗಿದರು. ಕ್ಲಿಂಟ್ ಮೊಣಕೈ ಊರಿ, ಅಂಚು ಒಡೆದು, ಮತ್ತೆ ಊರಿ, ಕೊನೆಗೆ ಮೇಲೆ ಬಂದು ಬಿದ್ದ.

ಮನೆ ಸೇರುವ ಹೊತ್ತಿಗೆ ಅವನ ಪ್ಯಾಂಟು ತಗಡಿನಂತೆ ಸೆಟೆದುಕೊಂಡಿತ್ತು. ಒಲೆಯ ಮುಂದೆ ಕೂರಿಸಿ, ಕಂಬಳಿ ಹೊದಿಸಿ, ಬಿಸಿ ಟೀ ಕುಡಿಸಿದರು. ಹಲ್ಲು ಕಟಕಟಿಸುವುದು ನಿಂತ ಮೇಲೆ ಅವನು ತಲೆಯೆತ್ತಿದ.

"ಯಾಕೆ ಹೇಳ್ಲಿಲ್ಲ ಸರ್?"

"ಹೇಳಿದ್ನಲ್ಲ," ಎಂದ ಎಲ್ಡನ್. "ಆಗಾಗ ಹೇಳ್ತಾನೇ ಇದ್ದೆ."

"ಯಾವಾಗ? 'ಹೇಗಿರತ್ತೋ ಏನೋ' ಅಂದ್ರಿ. ಅದು ಹೇಳೋದಾ? ನಾವಿಬ್ರೂ ಸತ್ತೋಗ್ತಿದ್ವಿ ಸರ್!"

"ಸಾರಿ," ಎಂದ ಎಲ್ಡನ್. ಈ ಸಲ ಯಾರೂ ಮೇಜು ಗುದ್ದಲಿಲ್ಲ.

ಕಾರ್ಲಾ ಅಳುತ್ತ ಓಡಿಬಂದಳು. ಅವಳ ಹಿಂದೆಯೇ ಊರು ಬಂತು. ಗ್ಯಾಸ್ಟನ್ ಬಟಾಣಿ ಸೂಪಿನ ಪಾತ್ರೆ ತಂದ; ಅವನ ಹೆಂಡತಿ ಒಣ ಕಾಲುಚೀಲ ತಂದಳು; ಯಾರೋ ಮಾಂಸದ ಕಡುಬು ತಂದಿಟ್ಟರು. ಬಂದವರೆಲ್ಲ ಕ್ಲಿಂಟ್‌ನ ಬೆನ್ನು ಸವರಿ ಒಂದೇ ಮಾತು ಹೇಳಿದರು: "ಯಾರಿಗಾದ್ರೂ ಆಗ್ತಿತ್ತು ಬಿಡಿ." ಗ್ಯಾಸ್ಟನ್ ಅಂತೂ ಅದನ್ನು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದ.

"ಒಳ್ಳೆ ಜನ," ಎಂದ ಕ್ಲಿಂಟ್, ಅವರು ಹೋದ ಮೇಲೆ. "ಒಬ್ರೂ ಬೈಲಿಲ್ಲ."

ಕಾರ್ಲಾ ಮೂಗು ಒರೆಸಿಕೊಂಡಳು. "ಬೈದ್ರಲ್ಲೋ. ಹಾಗಂದ್ರೆ ನಿನ್ನಂಥ ಪೆದ್ದನ್ನ ಈ ಜಿಲ್ಲೇಲೇ ನೋಡಿಲ್ಲ ಅಂತ."

ಅವನು ಅವಳನ್ನೂ ಸೂಪಿನ ಪಾತ್ರೆಯನ್ನೂ ನೋಡಿದ. "ಮೇಡಂ ಬೈದಿದ್ದೇ ವಾಸಿ," ಎಂದ ಮೆಲ್ಲಗೆ. "ಅದು ಅರ್ಥ ಆಯ್ತು."

ಆರ್ಡಿತ್ ಟೀ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಎಲ್ಡನ್ ಸೌದೆ ತರಲು ಹಿತ್ತಲಿಗೆ ಹೋದಾಗ ಅವಳೂ ಹಿಂದೆ ಹೋದಳು. ಬಿಸಿಲು ಇಳಿಯುತ್ತಿತ್ತು. ಅವನು ಕುಂಟುತ್ತ ಸೌದೆ ತುಂಡುಗಳನ್ನು ತೋಳಿನ ಮೇಲೆ ಪೇರಿಸಿಕೊಳ್ಳುತ್ತಿದ್ದ.

"ಅಲ್ಲಿ ಹೆಪ್ಪು ಕೊಳೆತಿದೆ ಅಂತ ನಿನಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ಗಾಡೀಲಿ ಕೂತೆ."

"ಮನೆಗೆ ಬಂದ ಹುಡುಗನ್ನ ಒಬ್ಬನೇ ಕಳಿಸೋಕಾಗತ್ತಾ ಆರ್ಡಿತ್?"

"ತಡೀಬಹುದಿತ್ತಲ್ಲ. ಬೀಗದ ಕೈ ಕಿತ್ಕೋಬಹುದಿತ್ತು. ಗಾಡಿ ಮುಂದೆ ನಿಂತ್ಕೋಬಹುದಿತ್ತು. 'ಬೇಡ' ಅನ್ನಬಹುದಿತ್ತು!"

ಅವನು ಸೌದೆ ಪೇರಿಸುವುದನ್ನು ನಿಲ್ಲಿಸಿ ಯೋಚಿಸಿದ. ತಪ್ಪಿಸಿಕೊಳ್ಳುವ ಯೋಚನೆಯಲ್ಲ, ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದ. ಅವನ ಹುಬ್ಬಿನ ಮೇಲೆ ಹೆಪ್ಪು ತರಚಿದ ಗಾಯ ಕೆಂಪಗಿತ್ತು.

"ಅದು ಹೊಳೀಲೇ ಇಲ್ಲ ಕಣೇ," ಎಂದ.

ಹೆದರಿದ್ದೆ ಎಂದಿದ್ದರೆ, ನಾಚಿಕೆಯಾಯಿತು ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು. ಸರೋವರದ ಮೇಲೆ ಆಗದಷ್ಟು ಭಯ ಅವಳಿಗೆ ಈಗ ಆಯಿತು. ಈ ಮನುಷ್ಯನಿಗೆ ನೆಲ ಬಾಯಿಬಿಟ್ಟರೂ 'ಬೇಡ' ಎನ್ನುವುದು ಹೊಳೆಯುವುದಿಲ್ಲ. ತಾನಾದರೂ ತಟ್ಟೆ ತೊಳೆಯುತ್ತ ನಿಂತವಳಲ್ಲವೇ? ಅವಳು ಮುಂದೆ ಬಂದು ಅವನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಆರ್ಡಿತ್, ಸೌದೆ ಜಾರ್ತಿದೆ."

"ಜಾರಲಿ," ಎಂದಳು. ಕೈ ಬಿಡಲಿಲ್ಲ.