ಬಾಳವ್ವನ ಕೈಯ ತಾಳ

ನಾನು ಒಂದು ಜೋಡಿ ಕಂಚಿನ ತಾಳ. ಮೈ ಎರಡಾದರೂ ನಡುವಿನ ದಾರ ಒಂದೇ. ಹಾಗಾಗಿ ‘ನಾವು’ ಎನ್ನದೆ ‘ನಾನು’ ಎನ್ನುತ್ತೇನೆ. ಒಡೆದ ಗಂಟೆ, ಸವೆದ ಆರತಿ, ಯಾರದೋ ಮನೆಯ ಸೀಳುಬಿಟ್ಟ ಗಂಗಾಳ, ಇವೆಲ್ಲ ಕಂಚುಗಾರನ ಮೂಸೆಯಲ್ಲಿ ಕರಗಿ ನಾನಾದೆ. ತಣ್ಣಗಾದ ಮೇಲೆ ಅವನು ನನ್ನನ್ನು ಒಮ್ಮೆ ನುಡಿಸಿದ. ದನಿ ಅಡಗುವವರೆಗೂ ಕಣ್ಣು ಮುಚ್ಚಿ ಕೇಳಿ, “ಹೋಗವಾ ತಾಯಿ, ಶಿವನ ಸೇವಾ ಮಾಡು” ಎಂದು ಕಳಿಸಿಕೊಟ್ಟ.

ನನ್ನನ್ನು ಕೊಂಡವನು ಮಲಪ್ರಭೆಯ ದಂಡೆಯ ಹಳ್ಳಿಯ ಅಡಿವೆಪ್ಪ. ಹೊಟ್ಟೆಪಾಡಿಗೆ ಹಗ್ಗ ಹೊಸೆಯುತ್ತಿದ್ದ. ಅಮಾವಾಸ್ಯೆಯ ಸಂಜೆ ಮಠದಲ್ಲಿ ಗುರುವಿನ ಗದ್ದುಗೆಯ ಮುಂದೆ ಕಂಬಳಿ ಹಾಸಿ ಕುಳಿತು ಪದ ಹೇಳುತ್ತಿದ್ದ. ನನ್ನನ್ನು ಅವನು ಗೆಳೆಯ ದ್ಯಾಮಣ್ಣನ ಕೈಗೆ ಕೊಟ್ಟ. ಅಡಿವೆಪ್ಪ ಹಾಡುವುದು, ದ್ಯಾಮಣ್ಣ ತಾಳ ಹಾಕುವುದು. ಇಬ್ಬರ ಮೀಸೆಯೂ ಹಾಗೆಯೇ ನೆರೆಯಿತು.

ದ್ಯಾಮಣ್ಣ ತೀರಿಕೊಂಡಾಗ ಅವನ ಹೆಂಡತಿ ನನ್ನನ್ನು ಅವನ ರುಮಾಲಿನಲ್ಲಿ ಸುತ್ತಿ ತಂದುಕೊಟ್ಟಳು. ಅಡಿವೆಪ್ಪ ಗಂಟು ಬಿಚ್ಚಲಿಲ್ಲ. ಮಠಕ್ಕೂ ಹೋಗಲಿಲ್ಲ. ಕೊನೆಗೆ ಮಗಳು ಬಾಳವ್ವ ಬಂದು ಗಂಟು ಬಿಚ್ಚಿದಳು. ಗಂಡ ಸತ್ತ ಮೇಲೆ ತವರಿಗೆ ಮರಳಿದ ಹೆಣ್ಣುಮಗಳು ಅವಳು.

“ನಾ ಹಿಡೀತೀನಿ, ಅಪ್ಪಾ. ಕಲಿಸು.”

“ಹೆಣ್ಮಕ್ಕಳು ತಾಳ ಹಿಡದ್ರ ಮಂದಿ ಏನಂತಾರ?”

“ನೀ ಹಾಡೂದು ಬಿಟ್ರ ಏನಂತಾರ?”

ಅಡಿವೆಪ್ಪ ನಕ್ಕ. ದ್ಯಾಮಣ್ಣ ಹೋದ ಮೇಲೆ ಅವನು ನಕ್ಕದ್ದು ಅಂದೇ ಮೊದಲು.

ಕಲಿಯುವುದು ಸುಲಭವಾಗಿರಲಿಲ್ಲ. ಪದ ಏರಿದರೆ ಬಾಳವ್ವನ ಕೈ ಓಡುತ್ತಿತ್ತು. ದನಿ ಇಳಿದರೆ ಕೈಯೂ ಜೋಲುತ್ತಿತ್ತು. “ಏನವಾ, ಬಸ್ಸು ತಪ್ಪತೈತೇನ ನಿಂದು? ಪದಾ ನಿನ್ನ ಬಿಟ್ಟ ಎಲ್ಲಿಗೂ ಹೋಗೂದಿಲ್ಲ” ಎಂದು ಅಡಿವೆಪ್ಪ ಹಗ್ಗ ಹೊಸೆಯುತ್ತಲೇ ಚಾಷ್ಟಿ ಮಾಡುತ್ತಿದ್ದ. ಒಂದು ದಿನ ಅವಳು ರೊಟ್ಟಿ ಬಡಿಯುವಾಗ ಎದುರು ಬಂದು ಕುಳಿತ. “ಈಗ್ಯಾಕ ಅವಸರ ಮಾಡವಲ್ಲಿ?”

“ಮಾಡಿದ್ರ ರೊಟ್ಟಿ ಹರೀತೈತಿ.”

“ಪದಾನೂ ಹರೀತೈತಿ, ಬಾಳೀ.”

ಮರುದಿನದಿಂದ ಅವಳ ಬೆರಳುಗಳ ಹಿಡಿತ ಬದಲಾಯಿತು. ಹೊಡೆತಕ್ಕಿಂತ ಹೊಡೆತದ ನಡುವಿನ ಮೌನವನ್ನು ಅವಳು ಕಾಯತೊಡಗಿದಳು. ಆ ಮೌನಗಳು ಒಂದೇ ಅಳತೆಗೆ ಬಂದ ದಿನ ಅಡಿವೆಪ್ಪ ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ. ಎದ್ದು ಹೋಗಿ ನನಗೂ ಅವಳಿಗೂ ವಿಭೂತಿ ಹಚ್ಚಿದ. ಅಮಾವಾಸ್ಯೆಗೆ ಇಬ್ಬರೂ ಮಠಕ್ಕೆ ಹೋದರು. ಗೊಣಗಿದವರು ಅವಳ ತಾಳ ಕೇಳಿ ಸುಮ್ಮನಾದರು.

ಆ ಮಠದ ಭಜನೆಗೆ ಒಂದು ಕಟ್ಟಳೆಯಿತ್ತು. ಯಾರಿಂದ ಲಯ ತಪ್ಪಿತೋ ಅವರು ಎದ್ದು ಹೊಸ್ತಿಲ ಬಳಿ, ಚಪ್ಪಲಿಗಳ ಪಕ್ಕ ಕೂಡಬೇಕು. ತಾಳದವರು, ತಬಲಾದವರು ಮುಂದಿನ ಅಮಾವಾಸ್ಯೆಗೆ ಮತ್ತೆ ಮೇಳ ಸೇರಬಹುದು. ಹಾಡುಗಾರನಿಗೆ ಮಾತ್ರ ಮರಳುವ ದಾರಿಯಿಲ್ಲ. ಗದ್ದುಗೆಯ ಮುಂದಿನ ಕಂಬಳಿ ಬೇರೆಯವನಿಗೆ ಹೋಗುತ್ತಿತ್ತು.

ವರ್ಷಗಳು ಉರುಳಿದವು. ಅಡಿವೆಪ್ಪನ ಮೆಚ್ಚಿನ ಪದದಲ್ಲಿ ‘ಗುರುವೇ’ ಎಂದು ಉದ್ದಕ್ಕೆ ಎಳೆದು ಮರಳಿ ಪಲ್ಲವಿಗೆ ಬರುವ ಒಂದು ಜಾಗವಿತ್ತು. ಒಂದು ಸಂಜೆ ಅಲ್ಲಿ ಅವನಿಗೆ ಉಸಿರು ಸಾಲಲಿಲ್ಲ. ನಡುವೆ ಉಸಿರೆಳೆದುಕೊಂಡ, ಪಲ್ಲವಿಗೆ ತಡವಾಗಿ ಬಂದ. ಬರುವ ಮೊದಲೇ ಬಾಳವ್ವನಿಗೆ ಅದು ಗೊತ್ತಾಯಿತು. ಬಡಿಯಬೇಕಾದ ಹೊತ್ತಿಗೆ ಅವಳ ಬೆರಳುಗಳು ನನ್ನನ್ನು ಗಟ್ಟಿಯಾಗಿ ತಡೆದು ಹಿಡಿದವು. ಅಪ್ಪನ ದನಿ ಬಂದ ಮೇಲೆ ನುಡಿಸಿದಳು. ತಬಲಾ ಒಂದು ಕಡೆ, ತಾಳ ಒಂದು ಕಡೆ ಆಯಿತು.

“ತಾಳ ಹಿಂದ ಬಿತ್ತಲೇ. ಹಿಂಗಾದ್ರ ಹಾಡಾವ ಏನ್ ಮಾಡಬೇಕು?” ಎಂದ ತಬಲಾದ ನಿಂಗಪ್ಪ.

ತಪ್ಪಿದವನಿಗೆ ತನ್ನ ತಪ್ಪು ಕೇಳಿಸುವುದಿಲ್ಲ. ಅಡಿವೆಪ್ಪ ಮಗಳ ಕಡೆ ತಿರುಗಿ, “ಏಳು” ಎಂದ. ಬಾಳವ್ವ ಎದ್ದು ಚಪ್ಪಲಿಗಳ ಪಕ್ಕ ಕುಳಿತಳು.

ಮನೆಯಲ್ಲಿ ಒಬ್ಬಳೇ ಇದ್ದಾಗ ಅವಳು ನನ್ನನ್ನು ನುಡಿಸುತ್ತಿದ್ದಳು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಮಠದಲ್ಲಿ ಮಾತ್ರ ಆ ಜಾಗ ಬಂದಾಗ ಬೆರಳು ಬಿಗಿಯುತ್ತಿದ್ದವು. ಅಪ್ಪ ಗದರುತ್ತಿದ್ದ, ಇವಳು ಏಳುತ್ತಿದ್ದಳು. ಕಡೆಗೊಂದು ಅಮಾವಾಸ್ಯೆ ಅವನು ಎಲ್ಲರೆದುರು ನನ್ನನ್ನು ಅವಳ ಕೈಯಿಂದ ಕಿತ್ತುಕೊಂಡ.

“ಇಷ್ಟ ವರ್ಷ ಕಲಿಸಿದ್ದು ಮಣ್ಣ ಪಾಲಾತು. ದ್ಯಾಮಣ್ಣನ ತಾಳಕ್ಕ ಮಸಿ ಹಚ್ಚಿದಿ. ಇನ್ನ ಮುಟ್ಟಬ್ಯಾಡ.”

ಬಾಳವ್ವ ಬಾಯಿ ತೆರೆದಳು. ಗದ್ದುಗೆಯ ಮುಂದಿನ ಕಂಬಳಿಯ ಕಡೆ ನೋಡಿದಳು. ಎದ್ದು ಚಪ್ಪಲಿಗಳ ಕಡೆ ನಡೆದಳು.

ನಾನು ಅಡಿವೆಪ್ಪನ ತಂಗಿಯ ಮಗ ಈರಭದ್ರನ ಕೈ ಸೇರಿದೆ. ಒಳ್ಳೆಯ ಕೈ, ನೆಟ್ಟಗಿನ ಲಯ. ಯಾರಿಗೂ ಕಾಯುವ ಕೈ ಅಲ್ಲ. ಮುಂದಿನ ಅಮಾವಾಸ್ಯೆ ಆ ಜಾಗ ಬಂತು. ಅಡಿವೆಪ್ಪ ‘ಗುರುವೇ’ ಎಂದು ಎಳೆದ, ಉಸಿರಿಗೆ ನಿಂತ. ನಾನು ನಿಲ್ಲಲಿಲ್ಲ. ತಬಲಾ ನಿಲ್ಲಲಿಲ್ಲ. ಅವನ ದನಿ ಮರಳಿ ಬಂದಾಗ ನಾವು ಮುಂದೆ ಹೋಗಿಬಿಟ್ಟಿದ್ದೆವು. ಹಿಡಿಯಲು ನೋಡಿದ, ಆಗಲಿಲ್ಲ. ನಿಂಗಪ್ಪನ ಕೈ ತಾನಾಗಿ ತಬಲಾದ ಮೇಲೆ ನಿಂತಿತು.

ಯಾರೂ ‘ಏಳು’ ಎನ್ನಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಅಡಿವೆಪ್ಪ ನನ್ನನ್ನು ನೋಡಿದ, ಆಮೇಲೆ ಹೊಸ್ತಿಲ ಕಡೆ ನೋಡಿದ. ಅಲ್ಲಿ ಬಾಳವ್ವ ತಲೆ ತಗ್ಗಿಸಿ ಅಳುತ್ತಿದ್ದಳು. ಅವನು ಗದ್ದುಗೆಗೆ ಹಣೆಯಿಟ್ಟು, ಕಂಬಳಿಯಿಂದ ಎದ್ದು, ಗೋಡೆ ಹಿಡಿದುಕೊಂಡು ನಡೆದುಹೋಗಿ ಮಗಳ ಪಕ್ಕ ಕುಳಿತ. ಏನೋ ಕೇಳಬೇಕೆಂದು ತುಟಿ ಅಲುಗಿದವು.

ಅವಳೇ ಮೊದಲು ಕಣ್ಣೊರೆಸಿಕೊಂಡು, “ಈ ಕಡೆ ಸರಿ, ಅಪ್ಪಾ. ಇಲ್ಲಿ ಗಾಳಿ ಛಲೋ ಬರ್ತೈತಿ” ಎಂದಳು.

ಅವನು ಮತ್ತೆ ಹಾಡಲಿಲ್ಲ. ಸುಗ್ಗಿಗೆ ಮುಂಚೆ ಶಿವನ ಪಾದ ಸೇರಿದ. ಮೇಳದವರೆಲ್ಲ ಬಂದು, “ತಂಗೀ, ತಪ್ಪಾತು. ಬಾ, ತಾಳ ಹಿಡಿ” ಎಂದು ಕೈಮುಗಿದು ಕರೆದರು. ಬಾಳವ್ವ ನನ್ನನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟಳು.

ಈಗ ನನ್ನ ಒಂದು ಮೈ ಬಿರುಕು ಬಿಟ್ಟಿದೆ. ಮಠದ ಗೋಡೆಯ ಗೂಟಕ್ಕೆ ತೂಗುಹಾಕಿದ್ದಾರೆ. ಹೊಸ ತಾಳ ಬಂದಿದೆ. ಲಯವೆಂದರೆ ತಪ್ಪದಿರುವುದು ಎಂದು ಬಹುಕಾಲ ನಂಬಿದ್ದೆ. ಶಿವನ ಲೆಕ್ಕದಲ್ಲಿ ಅದು ಏನೋ, ಕಂಚಿಗೆ ತಿಳಿಯದು. ಬಾಳವ್ವ ಅಮಾವಾಸ್ಯೆಗೆ ತಪ್ಪದೆ ಬರುತ್ತಾಳೆ, ಹೊಸ್ತಿಲ ಬಳಿಯೇ ಕೂಡುತ್ತಾಳೆ. ಭಜನೆ ನಡೆದಂತೆ ಅವಳ ಅಂಗೈ ಮೊಣಕಾಲ ಮೇಲೆ ಸದ್ದಿಲ್ಲದೆ ಏಳುತ್ತದೆ, ಬೀಳುತ್ತದೆ. ಹೊಸ ಹಾಡುಗಾರ ‘ಗುರುವೇ’ ಎಂದು ಎಳೆದು, ಉಸಿರು ತಪ್ಪದೆ ನೇರವಾಗಿ ಪಲ್ಲವಿಗೆ ಬರುತ್ತಾನೆ. ಎಲ್ಲರ ಕೈಯೂ ಅವನೊಂದಿಗೆ ಮುಂದೆ ಹೋಗುತ್ತದೆ. ಬಾಳವ್ವನ ಕೈ ಮಾತ್ರ ಗಾಳಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು ಕಾಯುತ್ತದೆ.