ಶ್ವೇತಭವನವನ್ನು ನಡುಗಿಸಿದ ಕೊಡತಿ

ನಾನು ಒಂದು ಕೊಡತಿ. ಗೂಟ ಹೊಡೆಯುವ, ನೆಲ ಬಡಿಯುವ ಜಾತಿಯಲ್ಲ. ಅಮೆರಿಕದ ಸಂಸತ್ತಿನಲ್ಲಿ ಸಮಿತಿಯ ಅಧ್ಯಕ್ಷರು ಮೇಜು ಕುಟ್ಟುವ ಗೇಣುದ್ದದ ಕೊಡತಿ. ಒಹಾಯೊದ ಬಡಗಿಯೊಬ್ಬ ನನ್ನನ್ನು ಮೇಪಲ್ ಮರದಲ್ಲಿ ಕಡೆದ ದಿನ ಅವನ ಉಳಿಗಳೆಲ್ಲ ನಾಚಿ ಮೊಂಡಾದವು. ನನ್ನ ಮೊದಲ ಪೆಟ್ಟಿಗೆ ಶ್ವೇತಭವನದ ಗಡಿಯಾರ ನಿಂತಿತು ಎಂದರೆ ನೀವು ನಂಬಲಾರಿರಿ. ನಂಬಬೇಡಿ, ನಷ್ಟ ನಿಮ್ಮದೇ.

ನನ್ನ ಮೊದಲ ಒಡೆಯ ವೆಂಡೆಲ್ ಪ್ರೂಯಿಟ್, ಹವಾಮಾನ ಇಲಾಖೆಯ ಮೇಲೆ ಕಣ್ಣಿಡುವ ಸಮಿತಿಯ ಅಧ್ಯಕ್ಷ. ಆನೆಯಂಥ ಆಳು. ರಾಷ್ಟ್ರಾಧ್ಯಕ್ಷರೂ ಅವನೂ ಒಂದೇ ಪಕ್ಷ. ಆದರೂ ಅವರ ಮಂತ್ರಿ ಒಮ್ಮೆ ವಿಚಾರಣೆಗೆ ಬರಲಾರೆ ಎಂದಾಗ, ಪ್ರೂಯಿಟ್ ಖಾಲಿ ಕುರ್ಚಿಯ ಎದುರೇ ಸಭೆ ಶುರುಮಾಡಿದ. "ಯಾರೂ ಊಟಕ್ಕೆ ಏಳೋ ಹಾಗಿಲ್ಲ. ಆತ ಬರೋವರೆಗೂ ಆ ಕುರ್ಚೀನೇ ವಿಚಾರಿಸೋಣ." ಎರಡೂ ಪಕ್ಷದವರು ನಕ್ಕರು, ಆದರೆ ಒಬ್ಬರೂ ಏಳಲಿಲ್ಲ. ಸಂಜೆಯೊಳಗೆ ಮಂತ್ರಿ ಬೆವರುತ್ತ ಬಂದ. ಎಂಥ ಕಾಲವದು.

ಪ್ರೂಯಿಟ್ ತೀರಿಕೊಂಡ ಮೇಲೆ ಕೈಯಿಂದ ಕೈಗೆ ಹೋದೆ. ಒಬ್ಬ ನನ್ನಿಂದ ಬೆನ್ನು ಕೆರೆದುಕೊಂಡ. ಇನ್ನೊಬ್ಬ ಶ್ವೇತಭವನದಿಂದ ಫೋನು ಬಂದರೆ ನನ್ನ ಮೇಲೆ ಕರವಸ್ತ್ರ ಹೊದಿಸುತ್ತಿದ್ದ. ಕೊನೆಗೆ ಸಿಕ್ಕಿದ್ದು ಮಿಸೌರಿ ನದಿದಂಡೆಯ ಊರಿನ ಲೊರೇನ್ ಹ್ಯಾಸ್ಕೆಟ್ ಎಂಬಾಕೆಯ ಕೈ, ಅದೇ ಸಮಿತಿಯ ಹೊಸ ಅಧ್ಯಕ್ಷೆ.

ಆಗಿನ ರಾಷ್ಟ್ರಾಧ್ಯಕ್ಷರು, ಸಂಸತ್ತೇ ಕಾನೂನು ಮಾಡಿ ಸ್ಥಾಪಿಸಿದ್ದ ಪ್ರವಾಹ ಮುನ್ಸೂಚನೆ ಕೇಂದ್ರಗಳಿಗೆ ಸಂಸತ್ತನ್ನು ಕೇಳದೆಯೇ ಬೀಗ ಹಾಕಿಸಿದರು. ಲೊರೇನಳ ಊರಿನದೂ ಮುಚ್ಚಿತು. ಮಂತ್ರಿಗೆ ಸಮನ್ಸ್ ಕಳಿಸಬೇಕೆಂದು ವಿರೋಧ ಪಕ್ಷ ನಿರ್ಣಯ ತಂದಿತು. ಲೊರೇನ್ ರಾಷ್ಟ್ರಾಧ್ಯಕ್ಷರದೇ ಪಕ್ಷ. "ನಿರ್ಣಯ ಗೆದ್ದರೆ ಮುಂದಿನ ಚುನಾವಣೇಲಿ ನಿಮ್ಮ ವಿರುದ್ಧ ನಮ್ಮವರನ್ನೇ ನಿಲ್ಲಿಸ್ತೀವಿ" ಎಂದು ಶ್ವೇತಭವನದಿಂದ ಫೋನು ಬಂತು.

ಮತದ ದಿನ ಅವಳ ಪಕ್ಷದ ಅರ್ಧ ಸದಸ್ಯರು ರಾಷ್ಟ್ರಾಧ್ಯಕ್ಷರ ಜೊತೆ ಫೋಟೊ ತೆಗೆಸಿಕೊಳ್ಳಲು ಶ್ವೇತಭವನಕ್ಕೆ ಹೋಗಿ, ಹಿಂದಿನ ಸಾಲಿನಲ್ಲಿ ಜಿರಾಫೆಗಳಂತೆ ಕತ್ತು ಚಾಚುತ್ತಿದ್ದರು. ನಮ್ಮಲ್ಲಿ ಮೊದಲು ಧ್ವನಿಮತ: "ಹೌದು" ಜೋರೋ "ಇಲ್ಲ" ಜೋರೋ ಎಂದು ಸಮಿತಿಯ ಅಧ್ಯಕ್ಷರ ಕಿವಿಯೇ ತೀರ್ಮಾನಿಸುತ್ತದೆ. ಹೆಸರು ಕರೆದು ಎಣಿಸಿ ಎಂದು ಕೇಳಬಹುದಿತ್ತು. ಎಣಿಸಿದರೂ, ಅರ್ಧ ಮಂದಿ ಇಲ್ಲದ ಅವಳ ಪಕ್ಷಕ್ಕೆ ಆ ಹೊತ್ತಿಗೆ ಸೋಲೇ.

ಎರಡೂ ಕಡೆಯ ಕೂಗು ಮುಗಿದೊಡನೆ ಪಕ್ಕದಲ್ಲಿದ್ದ ಸ್ವಪಕ್ಷದ ಡಿಲ್ಲಾರ್ಡ್ ಪಿಸುಗುಟ್ಟಿದ. "ಲೊರೇನ್, ಒಂದು ಕಾಫಿ ವಿರಾಮ ಕೊಡು. ನಮ್ಮವರು ದಾರೀಲಿದಾರೆ."

"ಫೋಟೊ ಚೆನ್ನಾಗಿ ಬಂತಂತಾ?"

"ತಮಾಷೆ ಬೇಡ. ನಿನ್ನ ಸ್ಥಾನ ಹೋಗುತ್ತೆ."

"ನಂಗೆ ಜೋರಾಗಿ ಕೇಳಿಸಿದ್ದು 'ಹೌದು'. ನಿನ್ನ ಕಿವಿ ಮಂದವಾಯ್ತಾ?"

ಅವಳ ಅಂಗೈ ಒದ್ದೆಯಾಗಿದ್ದುದು ನನಗೊಬ್ಬನಿಗೇ ಗೊತ್ತು. ಕುಟ್ಟಿದಳು. ಆ ಸದ್ದಿಗೆ ಅಟ್ಲಾಂಟಿಕ್ ಸಾಗರ ಎರಡು ಮಾರು ಹಿಂದೆ ಸರಿಯಿತು.

ಮಂತ್ರಿ ಮಾತ್ರ ಬರಲಿಲ್ಲ. ಪ್ರೂಯಿಟ್ ಕಾಲದಲ್ಲಿ ಸಂಜೆಯೊಳಗೆ ಮುಗಿಯುತ್ತಿದ್ದ ಕೆಲಸ ನ್ಯಾಯಾಲಯದ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ತೆವಳಿತು. ಅಷ್ಟರಲ್ಲಿ ಲೊರೇನ್ ಸ್ವಪಕ್ಷದವನ ಎದುರೇ ಸೋತು, ನನ್ನನ್ನು ಕೈಚೀಲದಲ್ಲಿಟ್ಟುಕೊಂಡು ಊರಿಗೆ ಬಂದಳು. ನ್ಯಾಯಾಧೀಶರು ಗದರಿದ ಮೇಲೆ ಮಂತ್ರಿ ಬಂದ, ಊರಿನ ಮುನ್ಸೂಚನೆ ಕೇಂದ್ರವೂ ತೆರೆಯಿತು. ಮೊದಲು ಮಂದಿ ತುಂಬಿರುತ್ತಿದ್ದ ಕಡೆ ಈಗ ಕೆಲಸಕ್ಕೆ ಒಬ್ಬನೇ ಆಳು.

ಈಗ ಅವಳ ಅಡುಗೆಮನೆಯಲ್ಲಿ ಅಕ್ರೋಟು ಒಡೆಯುತ್ತೇನೆ, ಜಗತ್ತಿನಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಒಡೆಯಲಾರರು. ಒಂದು ಅಧಿಕಾರಕ್ಕೆ ಇನ್ನೊಂದು ಕಡಿವಾಣ ಎಂಬ ಆ ಹಳೆಯ ಏರ್ಪಾಡು ಸತ್ತಿತೇ ಎಂದರೆ, ಇಲ್ಲ, ಕುಂಟುತ್ತಿದೆ ಎನ್ನುತ್ತೇನೆ. ಅದು ಓಡುತ್ತಿದ್ದುದನ್ನು ಕಂಡವನು ನಾನು, ಅದಕ್ಕೇ ಸಂಕಟ.

ಮೊನ್ನೆ ಪಕ್ಕದ ಮನೆಯ ಎಡ್ನಾ ಕೆಣಕಿದಳು. "ಒಬ್ಬ ಆಳಿಗೋಸ್ಕರ ಅಷ್ಟು ದೊಡ್ಡ ಸ್ಥಾನ ಕಳ್ಕೊಂಡೆಯಲ್ಲೇ."

"ಒಬ್ಬ ಇದಾನಲ್ಲ," ಎಂದಳು ಲೊರೇನ್. "ನಿನ್ನ ಕಾರನ್ನ ಮೇಲಿನ ಬೀದೀಲಿ ನಿಲ್ಲಿಸು. ನಾಳೆ ನದಿ ಏರುತ್ತೆ ಅಂದಿದಾನೆ."

ಹೊರಗೆ ಚಿನ್ನದಂಥ ಬಿಸಿಲಿತ್ತು. ಎಡ್ನಾ ಒಂದು ಸಲ ಆಕಾಶ ನೋಡಿದಳು, ಆಮೇಲೆ ಕಾರಿನ ಕೀಲಿ ಹುಡುಕತೊಡಗಿದಳು.